ಮಸೂರದಲ್ಲಿ ಬೆಳಕಿನ ವಕ್ರೀಭವನ

ಎರಡು ಮೇಲ್ಮೈಗಳ ಪೈಕಿ ಒಂದಾದರೂ ವಕ್ರವಾಗಿದ್ದು, ತನ್ನ ಮೂಲಕ ಹಾಯುವ ಕಿರಣಗಳ ದಿಕ್ಕನ್ನು ಒಂದು ಕ್ರಮಕ್ಕೆ ಒಳಪಡಿಸಿ ಬದಲಿಸುವ ಪಾರದರ್ಶಕ ವಸ್ತುವಿಗೆ ಮಸೂರವೆಂದು ಹೆಸರು. ನಡು ದಪ್ಪನಾದುದು ಪೀನ ಮಸೂರ, ಅಂಚು ದಪ್ಪನಾದುದು ನಿಮ್ನ ಮಸೂರ. ಗಾಳಿಯಲ್ಲಿರುವಾಗ ಮೊದಲನೆಯದು ಕಿರಣಗಳನ್ನು ಕೂಡಿಸುತ್ತದೆ, ಎರಡನೆಯದು ಚದುರಿಸುತ್ತದೆ.

ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಸಾಗುವ ಬೆಳಕಿನ ವೇಗ ಗಾಜಿನೊಳಗೆ ಸುಮಾರು 2 ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಈ ಎರಡು ವೇಗಗಳ ನಿಷ್ಪತ್ತಿಯೇ ವಕ್ರೀಭವನ ಸೂಚ್ಯಂಕ: ನೀರಿಗೆ ಅದು 1.33, ಸಾಧಾರಣ ಗಾಜಿಗೆ 1.52, ವಜ್ರಕ್ಕೆ 2.42. ಆದರೆ ವೇಗ ತಗ್ಗಿದ ಮಾತ್ರಕ್ಕೆ ಕಿರಣ ಬಾಗಲೇಬೇಕೆಂದಿಲ್ಲ. ಮೇಲ್ಮೈಗೆ ಲಂಬವಾಗಿ ಬಿದ್ದುದು ನೆಟ್ಟಗೆಯೇ ಸಾಗುವುದು, ಓರೆಯಾಗಿ ಬಿದ್ದುದು ಗಾಜನ್ನು ಹೊಗುವಾಗ ಲಂಬದ ಕಡೆಗೂ, ಗಾಳಿಗೆ ಹೊರಡುವಾಗ ಲಂಬದಿಂದ ಆಚೆಗೂ ಬಾಗುವುದು. ಈ ಬಾಗುವಿಕೆಯ ನಿಯಮವನ್ನು ಹತ್ತನೆಯ ಶತಮಾನದಲ್ಲಿ ಬಾಗ್ದಾದಿನ ಇಬ್ನ್ ಸಹ್ಲನೂ, 1621ರಲ್ಲಿ ಲೈಡನ್ನಿನ ಸ್ನೆಲ್ಲನೂ ಕಂಡುಕೊಂಡಿದ್ದರು. 1637ರಲ್ಲಿ ದೆಕಾರ್ತನು ಅದನ್ನು ಅಚ್ಚಿನಲ್ಲಿ ಪ್ರಕಟಿಸಿದನು.

ಕಿಟಕಿಯ ಗಾಜಿನಂತೆ ಎರಡು ಮೈಗಳೂ ಸಮತಲವಾಗಿ, ಸಮಾನಾಂತರವಾಗಿದ್ದರೆ, ಹೊಗುವಾಗ ಆದ ಬಾಗು ಹೊರಡುವಾಗ ಪೂರ್ಣವಾಗಿ ಮರಳಿಹೋಗುತ್ತದೆ. ವಕ್ರ ಮೇಲ್ಮೈಯಲ್ಲಿ ಹೀಗಾಗದು. ಅಲ್ಲಿ ಒಂದೊಂದು ಬಿಂದುವಿನ ಲಂಬವೂ ಒಂದೊಂದು ದಿಕ್ಕಿಗೆ ತಿರುಗಿರುವುದರಿಂದ, ಅಕ್ಷದ ಬಳಿಯ ಕಿರಣ ಕೊಂಚವೂ ಅಂಚಿನದು ಹೆಚ್ಚಾಗಿಯೂ ಬಾಗಿ, ಪೀನ ಮಸೂರದಲ್ಲಿ ಸಮಾನಾಂತರವಾಗಿ ಬಂದವೆಲ್ಲವೂ ಸಂಗಮ ಬಿಂದುವಿನತ್ತ ಕೂಡಿಬರುತ್ತವೆ. ಮಸೂರದಿಂದ ಆ ಬಿಂದುವಿಗಿರುವ ಅಂತರವೇ ಸಂಗಮ ದೂರ. ಕೂಡಿಸುವ ಶಕ್ತಿ ಇರುವುದು ಗಾಜಿನ ಗಾತ್ರದಲ್ಲಲ್ಲ, ಅದರ ಮೈಯ ಬಾಗಿನಲ್ಲಿ. 10 ಸೆಂಟಿಮೀಟರ್ ಸಂಗಮ ದೂರದ ಭೂತಗನ್ನಡಿಯ ಅರ್ಧವನ್ನು ಕಾಗದದಿಂದ ಮುಚ್ಚಿ ನೋಡಿದರೆ, ಎದುರಿನ ಗೋಡೆಯ ಮೇಲೆ ಕಿಟಕಿಯ ಬಿಂಬ ಅರ್ಧವಾಗದೆ ಇಡಿಯಾಗಿಯೇ ನಿಲ್ಲುವುದು, ಕಾಂತಿಯಷ್ಟೇ ಕುಂದುವುದು. ಅದೇ ಭೂತಗನ್ನಡಿಯನ್ನು ನೀರಿನಲ್ಲಿ ಮುಳುಗಿಸಿದರೆ ಸಂಗಮ ದೂರ ಸುಮಾರು ಮೂರೂವರೆ ಪಟ್ಟು ನೀಳುತ್ತದೆ, ಏಕೆಂದರೆ ಸುತ್ತಲಿನ ಮಾಧ್ಯಮಕ್ಕೂ ಗಾಜಿಗೂ ಇರುವ ವಕ್ರೀಭವನ ಸೂಚ್ಯಂಕದ ಅಂತರ ಅಷ್ಟು ತಗ್ಗಿರುತ್ತದೆ. ಕಣ್ಣಿನ ಬಾಗಿಸುವ ಶಕ್ತಿಯಲ್ಲಿ ಸುಮಾರು ಮೂರರಲ್ಲೆರಡು ಪಾಲು ಮುಂಭಾಗದ ಪಾರದರ್ಶಕ ಪಟಲದ್ದೇ ಆಗಿದ್ದು, ನೀರಿನೊಳಗೆ ಕಣ್ಣು ತೆರೆದವನಿಗೆ ಎಲ್ಲವೂ ಮಸುಕಾಗಿ ತೋರುವುದಕ್ಕೂ ಇದೇ ಕಾರಣ.

ಗೋಳಾಕಾರಕ್ಕೆ ಸಾಣೆ ಹಿಡಿದ ಮೈ ತಿದ್ದಲು ಸುಲಭವಾದರೂ ಅಂಚಿನ ಕಿರಣಗಳನ್ನು ನಿಯತ ಬಿಂದುವಿಗಿಂತ ಈಚೆಗೆ ಕೂಡಿಸಿಬಿಡುತ್ತದೆ. ಇದಕ್ಕಿಂತ ತೊಡಕಿನದು ವರ್ಣದೋಷ: ನೇರಳೆ ಕೆಂಪಿಗಿಂತ ಹೆಚ್ಚು ಬಾಗುವುದರಿಂದ ಬಿಂಬದ ಅಂಚಿಗೆ ಬಣ್ಣದ ಗೆರೆ ಕಟ್ಟುತ್ತದೆ. ಈ ದೋಷ ನಿವಾರಣೆಯಾಗದೆಂದು ಬಗೆದ ನ್ಯೂಟನ್, ಮಸೂರವನ್ನು ಬಿಟ್ಟು 1668ರಲ್ಲಿ ದರ್ಪಣದ ದೂರದರ್ಶಕವನ್ನು ರಚಿಸಿದನು. ಆತನ ಎಣಿಕೆ ತಪ್ಪಾಗಿತ್ತು. ಎರಡು ಬಗೆಯ ಗಾಜುಗಳ ಪೀನ ಮತ್ತು ನಿಮ್ನ ಮಸೂರಗಳನ್ನು ಜೋಡಿಸಿ ಚೆಸ್ಟರ್ ಮೂರ್ ಹಾಲ್ ವರ್ಣದೋಷವನ್ನು ಬಹುಮಟ್ಟಿಗೆ ಕಳೆದನು. 1758ರಲ್ಲಿ ಜಾನ್ ಡಾಲಂಡ್ ಅದಕ್ಕೆ ಹಕ್ಕುಪತ್ರ ಪಡೆದನು.

ಆದರೂ ಮಸೂರದ ದೂರದರ್ಶಕಕ್ಕೆ ಇನ್ನೊಂದು ತೊಡಕು ಉಳಿಯಿತು: ದರ್ಪಣಕ್ಕೆ ಬೆನ್ನಿನಿಂದ ಆಸರೆ ಕೊಡಬಹುದು, ಬೆಳಕು ಹಾಯಬೇಕಾದ ಮಸೂರಕ್ಕೆ ಅಂಚೊಂದೇ ಆಸರೆ. ಗಾತ್ರ ಬೆಳೆದಂತೆ ಅದು ತನ್ನ ಭಾರಕ್ಕೇ ಬಳುಕುತ್ತದೆ. ಅಮೆರಿಕದ ಯರ್ಕ್ಸ್ ವೀಕ್ಷಣಾಲಯದಲ್ಲಿ 1897ರಲ್ಲಿ ಸ್ಥಾಪಿತವಾದ 102 ಸೆಂಟಿಮೀಟರ್ ವ್ಯಾಸದ ಮಸೂರ ದೂರದರ್ಶಕವನ್ನು ಮೀರಿಸಿದ ಅದೇ ಬಗೆಯ ಇನ್ನೊಂದು ದೂರದರ್ಶಕ ಖಗೋಳ ಸಂಶೋಧನೆಗೆ ಬಳಕೆಯಾಗದಿರುವುದು ಈ ಕಾರಣದಿಂದಲೇ.