ಹಡಗಿನ ಊಟ, ಪುಣೆಯ ಚಹಾ

ಬೌಧಾಯನ ಧರ್ಮಸೂತ್ರವು ಪತನಕ್ಕೆ ಕಾರಣವಾಗುವ ಕರ್ಮಗಳಲ್ಲಿ ಸಮುದ್ರಯಾನವನ್ನೂ ಎಣಿಸಿದೆ. ಆದರೆ ಉಗಿಹಡಗುಗಳ ಕಾಲಕ್ಕೆ ವಿವಾದವು ಕಡಲಿನಿಂದ ಊಟದ ಮೇಜಿಗೆ ಸರಿದಿತ್ತೆಂದು ನಮಗೆ ತೋರುತ್ತದೆ. 1888ರಲ್ಲಿ ಮುಂಬಯಿಯ ಜಾತಿಪಂಚಾಯತಿಯು ಗಾಂಧೀಜಿಯವರ ಮುಂದಿಟ್ಟ ಆಕ್ಷೇಪಗಳಲ್ಲಿ ಯುರೋಪಿಯನ್ನರೊಡನೆ ಉಂಡು ಕುಡಿಯಬೇಕಾಗುವುದೂ ಒಂದು. ಹಡಗಿನಲ್ಲಿ ಅವರು ಭೋಜನಶಾಲೆಗೆ ಹೋಗದೆ, ತಾವು ಒಯ್ದಿದ್ದ ಸಿಹಿತಿಂಡಿ, ಹಣ್ಣುಗಳನ್ನು ಕೋಣೆಯಲ್ಲಿಯೇ ತಿನ್ನುತ್ತಿದ್ದರು. ಆತ್ಮಕಥೆಯಲ್ಲಿ ಅವರು ಕೊಡುವ ಕಾರಣ ಮಾತ್ರ ಜಾತಿಯಲ್ಲ: ಚಾಕು, ಮುಳ್ಳುಚಮಚ ಹಿಡಿಯಲು ಬಾರದಿದ್ದುದು, ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳಲಾರದ ಸಂಕೋಚ!

ಪುಣೆಯಲ್ಲಿ ಇಂಥ ಕಲಹಕ್ಕೆ ಕಡಲೂ ಬೇಕಾಗಲಿಲ್ಲ. 1890ರಲ್ಲಿ ಪಂಚಹೌದ್ ಮಿಶನ್ನಿನಲ್ಲಿ ನೀಡಿದ ಚಹಾದ ಪ್ರಕರಣ ಶಂಕರಾಚಾರ್ಯರವರೆಗೆ ಹೋಯಿತು. 1892ರಲ್ಲಿ ರಾನಡೆಯವರು ಪ್ರಾಯಶ್ಚಿತ್ತ ಮಾಡಿಕೊಂಡರು. ಅದೇ ಚಹಾದ ವಿಚಾರಣೆಗೆ ಗುರಿಯಾಗಿದ್ದ ತಿಲಕರು 1918ರಲ್ಲಿ, ಚಿರೋಲ್ ಮೊಕದ್ದಮೆಗಾಗಿ, ಇಂಗ್ಲೆಂಡಿಗೆ ಹಡಗೇರಿದರು.