ಕೃತಕ ಸೊಂಟದ ಕೀಲು: ನಂಜಿನೊಡನೆ ನಡೆದ ಹೋರಾಟ

ಸವೆದ ಸೊಂಟದ ಕೀಲನ್ನು ತೆಗೆದು ಕೃತಕ ಕೀಲು ಜೋಡಿಸುವುದು ಇಂದು ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ನಿತ್ಯದ ಕೆಲಸ. ಇದಕ್ಕಾಗಿ ಊರಿನಿಂದ ತಂದೆತಾಯಿಯರನ್ನು ಕರೆಸಿಕೊಳ್ಳುವ ಕುಟುಂಬಗಳು ನಮ್ಮಲ್ಲಿಯೂ ಉಂಟು. ಈ ಚಿಕಿತ್ಸೆಯ ಚರಿತ್ರೆಯನ್ನು ಸಾಮಾನ್ಯವಾಗಿ ಲೋಹ ಮತ್ತು ಪ್ಲಾಸ್ಟಿಕ್‌ಗಳ ಕಥೆಯಾಗಿ ಹೇಳುತ್ತಾರೆ. ಅದರ ಇನ್ನೊಂದು ಮುಖ ನಂಜಿನೊಡನೆ ನಡೆದ ಹೋರಾಟ. ಆ ಹೋರಾಟದಲ್ಲಿ ಎಲುಬಿನಷ್ಟೇ ಪೆಟ್ಟು ತಿಂದವು ಕೀಲಿನ ಸುತ್ತಣ ಸ್ನಾಯುರಜ್ಜುಗಳು.

ಸ್ನಾಯುರಜ್ಜು ಎಂದರೆ ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಗಟ್ಟಿಯಾದ ಬಿಳಿಯ ಹುರಿ. ಪೃಷ್ಠದ ಎರಡು ಮಾಂಸಖಂಡಗಳ ರಜ್ಜುಗಳು ತೊಡೆಯೆಲುಬಿನ ಮೇಲ್ತುದಿಯ ಹೊರಗುಬ್ಬಿಗೆ ಅಂಟಿಕೊಂಡಿವೆ. ನಾವು ಒಂದು ಕಾಲಿನ ಮೇಲೆ ನಿಂತಾಗ ಸೊಂಟ ಇನ್ನೊಂದು ಕಡೆಗೆ ಜಗ್ಗದಂತೆ ಹಿಡಿಯುವವು ಇವೇ. ಇವು ದುರ್ಬಲವಾದರೆ ಮನುಷ್ಯ ವಾಲಾಡುತ್ತ ನಡೆಯುವನೆಂದು ಜರ್ಮನಿಯ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದನು.

ಅದಕ್ಕೂ ಮೊದಲೇ, 1890ರ ಸುಮಾರಿಗೆ, ಬರ್ಲಿನ್ನಿನ ಗ್ಲುಕ್ ಎಂಬ ವೈದ್ಯನು ದಂತದಿಂದ ಕೀಲುಗಳನ್ನು ಮಾಡಿ ಜೋಡಿಸಿದ್ದನು. ಆದರೆ ಅವನ ರೋಗಿಗಳ ಕೀಲುಗಳು ಕ್ಷಯದಿಂದ ಕೆಟ್ಟವು. ನಂಜು ಅವನ ಪ್ರಯತ್ನವನ್ನು ಸೋಲಿಸಿತು. ಕೀವುಗಟ್ಟಿದ ಸೊಂಟಕ್ಕೆ ಆಕ್ಸ್‌ಫರ್ಡಿನ ಗರ್ಡಲ್‌ಸ್ಟೋನ್ 1943ರಲ್ಲಿ ಹೇಳಿದ ಉಪಾಯ ಕಠೋರವಾದದ್ದು: ತೊಡೆಯೆಲುಬಿನ ತಲೆಯನ್ನೂ ಹೊರಗುಬ್ಬನ್ನೂ ಪೃಷ್ಠದ ಮಾಂಸದ ಒಂದು ಭಾಗವನ್ನೂ ಕತ್ತರಿಸಿ ಕೀವು ಹರಿದುಹೋಗಲು ದಾರಿ ಮಾಡುವುದು. ಜೀವವೇನೋ ಉಳಿಯುತ್ತಿತ್ತು, ಕಾಲು ಗಿಡ್ಡವಾಗುತ್ತಿತ್ತು, ರಜ್ಜುಗಳ ಹಿಡಿತ ತಪ್ಪುತ್ತಿತ್ತು.

ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ 1962ರಲ್ಲಿ ಲೋಹದ ಗುಂಡು ಮತ್ತು ಪಾಲಿಥೀನ್ ಬಟ್ಟಲಿನ ಕೀಲನ್ನು ಬಳಕೆಗೆ ತಂದನು. ಕೀಲನ್ನು ತಲಪಲು ಅವನು ಹೊರಗುಬ್ಬನ್ನು ರಜ್ಜುಗಳ ಸಮೇತ ಕತ್ತರಿಸಿ, ಕೊನೆಗೆ ತಂತಿಯಿಂದ ಮರಳಿ ಕಟ್ಟುತ್ತಿದ್ದನು. ಅಲ್ಲಿ ನಂಜು ಹೊಕ್ಕರೆ ಎಲುಬು ಕೂಡದೆ ಹೋಗುವ ಭಯವಿತ್ತು. ಎಲುಬು ಕೂಡದಿದ್ದರೆ ರಜ್ಜುಗಳಿಗೆ ಆಧಾರವಿಲ್ಲ. ಆರಂಭದಲ್ಲಿ ನಂಜಿನ ಪ್ರಮಾಣ ಶೇಕಡಾ 7ರಷ್ಟಿತ್ತು. ಚಾರ್ನ್ಲಿ ಗಾಳಿಯನ್ನೇ ಶಂಕಿಸಿದನು. ಹೋವರ್ತ್ ಎಂಬ ಎಂಜಿನಿಯರನ ನೆರವಿನಿಂದ ಶೋಧಿಸಿದ ಗಾಳಿ ಬೀಸುವ ಕೋಣೆ ಕಟ್ಟಿಸಿದನು, ಉಸಿರನ್ನು ಹೊರಕ್ಕೆ ಸೆಳೆಯುವ ಉಡುಪು ತೊಟ್ಟನು. ನಂಜು ಶೇಕಡಾ 1ಕ್ಕೂ ಕೆಳಗಿಳಿಯಿತು. ಹ್ಯಾಂಬರ್ಗಿನ ಬುಖೋಲ್ಟ್ಸ್ ಕೀಲು ಕೂಡಿಸುವ ಸಿಮೆಂಟಿಗೇ ಆ್ಯಂಟಿಬಯೋಟಿಕ್ ಬೆರೆಸಿ 1970ರಲ್ಲಿ ವರದಿ ಮಾಡಿದನು. ಬ್ರಿಟನ್ ಮತ್ತು ಸ್ವೀಡನ್ನಿನ 8,000ಕ್ಕೂ ಮಿಕ್ಕಿದ ಶಸ್ತ್ರಚಿಕಿತ್ಸೆಗಳ ಪರೀಕ್ಷೆ 1982ರಲ್ಲಿ ಪ್ರಕಟವಾಯಿತು: ಸಾಧಾರಣ ಕೋಣೆಯಲ್ಲಿ ಆಳದ ನಂಜು ಶೇಕಡಾ 1.5, ಅತಿಶುದ್ಧ ಗಾಳಿಯಲ್ಲಿ 0.6.

ಇಷ್ಟಾದರೂ ನಂಜು ಪೂರ್ತಿ ಅಳಿದಿಲ್ಲ. ರೋಗಾಣುಗಳು ಲೋಹದ ಮೇಲೆ ಲೋಳೆಯ ಪೊರೆ ಕಟ್ಟಿಕೊಂಡು ಔಷಧಿಗೆ ಸಿಗದೆ ಕೂರುತ್ತವೆ. ಅವುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳು ಸುರಿಸುವ ಕಿಣ್ವಗಳು ರಜ್ಜುವಿನ ನಾರುಗಳನ್ನೂ ಕರಗಿಸುತ್ತವೆ. ರಜ್ಜುವಿಗೆ ರಕ್ತ ಸಂಚಾರ ಕಡಿಮೆ. ಆದ್ದರಿಂದ ಅದು ಬೇಗ ಮಾಯುವುದಿಲ್ಲ. ಕೀಲಿನ ಮುಂಭಾಗದಲ್ಲಿ ತೊಡೆಯನ್ನು ಎತ್ತುವ ಮಾಂಸಖಂಡದ ರಜ್ಜು ಹಾದುಹೋಗಿದೆ. ಅದರ ಗುಂಟ ಕೀವು ಹೊಟ್ಟೆಯ ಹಿಂಬದಿಯವರೆಗೂ ಏರಬಹುದು. ಸತ್ತ ಅಂಗಾಂಶವನ್ನು ವೈದ್ಯರು ಕತ್ತರಿಸಿ ತೆಗೆಯಲೇಬೇಕು. ಕೆಲವೊಮ್ಮೆ ಕೀಲನ್ನು ತೆಗೆದು, ನಂಜು ಇಳಿದ ಮೇಲೆ ಹೊಸದನ್ನು ಕೂರಿಸುತ್ತಾರೆ. ಹೀಗೆ ಮತ್ತೆ ಮತ್ತೆ ತೆರೆದಷ್ಟೂ ರಜ್ಜುಗಳು ಸವೆಯುತ್ತವೆ, ಕಲೆಗಟ್ಟುತ್ತವೆ. ಆಗ ನಂಜು ವಾಸಿಯಾದರೂ ಕುಂಟು ಉಳಿಯಬಹುದು, ಹೊಸ ಕೀಲು ಜಾರಬಹುದು.

ಈ ಚರಿತ್ರೆಯಿಂದ ಮನೆಮಂದಿ ಕಲಿಯಬೇಕಾದದ್ದು ಒಂದೇ: ತಡ ಮಾಡಬಾರದು. ಗಾಯ ಒಸರಿದರೆ, ಜ್ವರ ಬಂದರೆ, ಇಳಿದಿದ್ದ ನೋವು ಮರಳಿದರೆ ಆಪರೇಷನ್ ಮಾಡಿದ ವೈದ್ಯರನ್ನೇ ಕೂಡಲೇ ಕಾಣಬೇಕು. ಔಷಧಿ ಅಂಗಡಿಯಿಂದ ನಾವೇ ಆ್ಯಂಟಿಬಯೋಟಿಕ್ ತಂದು ಕೊಟ್ಟರೆ ಕೀಲಿನ ನೀರಿನ ಪರೀಕ್ಷೆಯಲ್ಲಿ ರೋಗಾಣು ಸಿಗದೆ ಹೋಗಬಹುದು. ಲೋಹದ ಕೀಲನ್ನು ಇನ್ನೊಮ್ಮೆ ಕೂರಿಸಬಹುದು. ಕರಗಿದ ರಜ್ಜುವನ್ನು ಮೊದಲಿನಂತೆ ಮಾಡುವ ವಿದ್ಯೆ ಇನ್ನೂ ಕೈಗೂಡಿಲ್ಲ.