ಆಗದ ಕೆಲಸಗಳ ಪಟ್ಟಿ: ದೀರ್ಘಕಾಲದ ನೋವಿನ ಚಿಕಿತ್ಸೆಯಲ್ಲಿ ದೇಹದ ಮಿತಿಗಳ ಸ್ಥಾನ

ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಬಿಟ್ಟು ಬಿಟ್ಟು ಮರಳುವ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲದ ನೋವೆಂದು ಪರಿಗಣಿಸುತ್ತದೆ. ಇಂಥ ನೋವನ್ನೂ, ಅದರೊಡನೆ ಹಲವು ಬಾರಿ ಇರುವ ಉರಿಯೂತವನ್ನೂ, ಎಂದರೆ ದೇಹದ ರಕ್ಷಣಾ ವ್ಯವಸ್ಥೆಯ ಪ್ರತಿಕ್ರಿಯೆಯಿಂದ ಅಂಗಾಂಶವು ಊದಿ, ಬಿಸಿಯೇರಿ, ನೋಯುವ ಸ್ಥಿತಿಯನ್ನೂ ಪರಿಶೀಲಿಸಲು ರಕ್ತಪರೀಕ್ಷೆ ಮತ್ತು ಎಕ್ಸ್‌ರೇ ಬಹುಕಾಲದಿಂದ ಇದ್ದರೂ, ರೋಗಿಗೆ ಯಾವ ಕೆಲಸ ಕೈಲಾಗುತ್ತಿಲ್ಲ ಎಂಬ ಪ್ರಶ್ನೆಯು ಚಿಕಿತ್ಸೆಯ ಯೋಜನೆಯ ನಡುಭಾಗಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

1949ರಲ್ಲಿ ಅಮೆರಿಕದ ವೈದ್ಯ ಒಟ್ಟೊ ಸ್ಟೈನ್‌ಬ್ರೋಕರ್ ಮತ್ತು ಸಂಗಡಿಗರು, ಉರಿಯೂತದಿಂದ ಕೀಲುಗಳನ್ನು ಕೆಡಿಸುವ ರುಮಟಾಯ್ಡ್ ಸಂಧಿವಾತದ ರೋಗಿಗಳನ್ನು, ಎಲ್ಲ ಕೆಲಸವನ್ನೂ ಮಾಡಬಲ್ಲವರಿಂದ ಹಿಡಿದು ಹಾಸಿಗೆ ಅಥವಾ ಗಾಲಿಕುರ್ಚಿಯನ್ನೇ ನಂಬಿದವರವರೆಗೆ, ನಾಲ್ಕು ದರ್ಜೆಗಳಲ್ಲಿ ಇರಿಸಿದರು. ಈ ವಿಂಗಡಣೆ ಒರಟಾದದ್ದು. ಆರು ತಿಂಗಳ ಔಷಧದಿಂದ ಆದ ಸಣ್ಣ ಸುಧಾರಣೆ ಅದರಲ್ಲಿ ಕಾಣುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು 1980ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಫ್ರೈಸ್ ಅವರ ತಂಡ ಪ್ರಕಟಿಸಿದ ಪ್ರಶ್ನಾವಳಿ. ಬಟ್ಟೆ ತೊಡುವುದು, ಏಳುವುದು, ಉಣ್ಣುವುದು, ನಡೆಯುವುದು, ಮೈ ಶುಚಿ ಮಾಡಿಕೊಳ್ಳುವುದು, ಕೈ ಚಾಚುವುದು, ಹಿಡಿಯುವುದು ಮತ್ತು ಇತರ ದಿನನಿತ್ಯದ ಕೆಲಸಗಳು ಎಂಬ ಎಂಟು ಗುಂಪುಗಳಲ್ಲಿ ಇಪ್ಪತ್ತು ಪ್ರಶ್ನೆಗಳನ್ನು ಕೇಳಿ, ಕಷ್ಟವಿಲ್ಲದಿದ್ದರೆ ಸೊನ್ನೆ, ಆಗುವುದೇ ಇಲ್ಲವೆಂದರೆ ಮೂರು ಎಂದು ಅಂಕ ಕೊಡುವ ಈ ಕ್ರಮದಲ್ಲಿ, ರೋಗದ ಭಾರವನ್ನು ಹೇಳುವ ಅಧಿಕಾರ ಬಹುಮಟ್ಟಿಗೆ ರೋಗಿಯ ಕೈಗೆ ಬಂದಿತು.

ಆದರೆ ಆ ಪ್ರಶ್ನೆಗಳು ಮಾಂಸ ಕತ್ತರಿಸುವ, ಹಾಲಿನ ರಟ್ಟಿನ ಡಬ್ಬಿ ತೆರೆಯುವ, ತೊಟ್ಟಿಯಲ್ಲಿ ಕುಳಿತು ಸ್ನಾನ ಮಾಡುವ, ಕಾರು ಹತ್ತಿ ಇಳಿಯುವ ಮನೆಗಳವು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರು 2002ರಲ್ಲಿ ಪ್ರಕಟಿಸಿದ ಭಾರತೀಯ ರೂಪದಲ್ಲಿ ಪ್ರಶ್ನೆಗಳು ಹನ್ನೆರಡಕ್ಕೆ ಇಳಿದು, ಕುಕ್ಕರುಗಾಲಿನಲ್ಲಿ ಕೂರುವುದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕುವುದು ಮುಂತಾದವು ಸೇರಿದವು. ಈ ಬದಲಾವಣೆಯನ್ನು ಅನುವಾದದ ಅನುಕೂಲವೆಂದು ಎಣಿಸುವುದು ತಪ್ಪಾಗುತ್ತದೆ; ಏನನ್ನು ಕೇಳುತ್ತೇವೆ ಎಂಬುದರ ಮೇಲೆ ಏನನ್ನು ಸರಿಪಡಿಸಲು ಹೊರಡುತ್ತೇವೆ ಎಂಬುದು ನಿಂತಿದೆ. ತುಮಕೂರು ಜಿಲ್ಲೆಯಲ್ಲಿ ಗುಬ್ಬಿಯಿಂದ ತಿಪಟೂರಿನತ್ತ ಸಾಗುವ ಹೆದ್ದಾರಿಯಲ್ಲಿ ಸಿಗುವ ನಿಟ್ಟೂರಿನ ಸುತ್ತಿನ ತೆಂಗು, ಅಡಿಕೆ, ರಾಗಿಯ ಸೀಮೆಯಲ್ಲಿ ಇಂಥ ಪಟ್ಟಿ ಬರೆಯುವುದಾದರೆ, ಮುದ್ದೆ ತೊಳಸುವುದು, ಈಳಿಗೆಮಣೆಯ ಮುಂದೆ ಕೂರುವುದು, ನೀರು ತುಂಬಿದ ಬಿಂದಿಗೆ ಎತ್ತುವುದು, ಅಡಿಕೆ ಸುಲಿಯುವುದು, ಕಳೆ ಕೀಳುವುದು ಅದರಲ್ಲಿ ಇರಲೇಬೇಕು. ಮುದ್ದೆ ತೊಳಸಲು ಮಣಿಕಟ್ಟು, ಮೊಣಕೈ, ಭುಜ ಮೂರೂ ಒಟ್ಟಿಗೆ ಬಲ ಕೊಡಬೇಕಾದ್ದರಿಂದ, ಅದು ಆಗದೆ ಹೋದದ್ದು ಹಿಡಿತವನ್ನು ಅಳೆಯುವ ಯಂತ್ರ ತೋರಿಸುವ ಅಂಕಿಗಿಂತ ಹೆಚ್ಚನ್ನು ಹೇಳಬಲ್ಲದು.

ಮಿತಿ ಕಂಡ ಮಾತ್ರಕ್ಕೆ ಚಿಕಿತ್ಸೆ ತಾನಾಗಿ ತೀರ್ಮಾನವಾಗುವುದಿಲ್ಲ. ಬೆಳಿಗ್ಗೆ ಎದ್ದ ಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದಿದ್ದು, ಕೆಲಸ ಮಾಡುತ್ತಾ ಸಡಿಲವಾಗುವ ಕೈಯಲ್ಲಿ ಉರಿಯೂತದ ಸಂಶಯ ಹೆಚ್ಚು. ನಡೆದಷ್ಟೂ ನೋಯುತ್ತಾ ಕುಳಿತರೆ ತಣಿಯುವ ಮಂಡಿಯಲ್ಲಿ, ಎಲುಬಿನ ತುದಿಗಳ ನಡುವಿನ ಮೃದ್ವಸ್ಥಿಯ ಸವೆತದ ಸಂಶಯ ಹೆಚ್ಚು. ರುಮಟಾಯ್ಡ್ ಸಂಧಿವಾತದ ಆರಂಭದಲ್ಲಿ ಅಸಾಮರ್ಥ್ಯದ ಅಂಕ ಬಹುಪಾಲು ಉರಿಯೂತದ ಫಲವಾದ್ದರಿಂದ ಔಷಧಕ್ಕೆ ಅದು ಇಳಿಯುತ್ತದೆ, ವರ್ಷಗಳು ಕಳೆದ ಮೇಲೆ ಕೀಲು ಕೆಟ್ಟಿರುವುದರಿಂದ ಅದೇ ಅಂಕ ಅಷ್ಟಾಗಿ ಕದಲುವುದಿಲ್ಲ. 1980ರ ದಶಕದಲ್ಲಿ ಸಂಧಿವಾತದ ಮುಖ್ಯ ಔಷಧವಾಗಿ ನೆಲೆಗೊಂಡ ಮೆಥೊಟ್ರೆಕ್ಸೇಟ್ ಮೊದಲ ಹಂತದಲ್ಲಿ ಕೈಯನ್ನು ಉಳಿಸುವಷ್ಟು ಮಟ್ಟಿಗೆ ಎರಡನೆಯ ಹಂತದಲ್ಲಿ ಕೈಯನ್ನು ಮರಳಿ ಕೊಡಲಾರದು. ಈ ಭೇದವನ್ನು ನೋಡದೆ ನೋವಿಗೊಂದು ಸೂಜಿ ಎಂಬ ರೂಢಿಯಲ್ಲಿ ನಡೆಯುವ ಉಪಚಾರ, ನಿಜವಾಗಿ ಉಳಿಸಬಹುದಾಗಿದ್ದ ತಿಂಗಳುಗಳನ್ನೇ ಕಳೆದುಬಿಡುತ್ತದೆ.

ಬೆನ್ನುನೋವಿನ ಚರಿತ್ರೆ ಬೇರೆ ದಾರಿ ಹಿಡಿಯಿತು. ಅಲ್ಲಿ ದೇಹದ ಮಿತಿಯನ್ನು ಆಜ್ಞೆಯೆಂದು ಓದಿ, ಆಗದಿದ್ದರೆ ಮಲಗಿರಿ ಎಂದು ವೈದ್ಯರು ಬಹುಕಾಲ ಹೇಳಿದರು. 1976ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ತಮ್ಮ ಪುಸ್ತಕದಲ್ಲಿ, ನೋವು ಬಂದಾಗ ನಿಲ್ಲಿಸುವ ಬದಲು ಮೊದಲೇ ಗೊತ್ತು ಮಾಡಿದ ಅಳತೆಯಷ್ಟು ಚಟುವಟಿಕೆ ನಡೆಸಿ ಅದನ್ನು ಹಂತಹಂತವಾಗಿ ಏರಿಸುವ ಕ್ರಮವನ್ನು ವಿವರಿಸಿದರು. 1986ರಲ್ಲಿ ರಿಚರ್ಡ್ ಡೇಯೊ ಮತ್ತು ಸಂಗಡಿಗರ ಪ್ರಯೋಗವು, ಎರಡು ದಿನ ಮಲಗಿದವರು ಏಳು ದಿನ ಮಲಗಲು ಹೇಳಿಸಿಕೊಂಡವರಷ್ಟೇ ಸುಧಾರಿಸಿದರೆಂದೂ, ಕೆಲಸಕ್ಕೆ ತಪ್ಪಿಸಿಕೊಂಡ ದಿನಗಳು ಮೊದಲಿನವರಲ್ಲೇ ಕಡಿಮೆಯೆಂದೂ ತೋರಿಸಿತು. ಆರೋಗ್ಯವೆಂದರೆ ದೇಹ ಮಾತ್ರವಲ್ಲ, ಬದುಕುವ ಪರಿಸರವೂ ಹೌದೆಂದು ಒಪ್ಪಿಕೊಂಡ ವಿಶ್ವ ಆರೋಗ್ಯ ಸಂಸ್ಥೆಯ 2001ರ ವರ್ಗೀಕರಣ, ದೇಹದ ಮಿತಿಯನ್ನು ಆಜ್ಞೆಯೆಂದು ಓದದ ಈ ನೋಟಕ್ಕೆ ಔಪಚಾರಿಕ ಚೌಕಟ್ಟು ಕೊಟ್ಟಿತು. ಮಂಡಿ ಸವೆದವರಿಗೆ ನೆಲದ ಮೇಲೆ ಕೂರಬೇಡಿ ಎಂದು ಬರೆದುಕೊಟ್ಟು, ಶೌಚಾಲಯ ಮತ್ತು ಅಡುಗೆಮನೆಯ ಏರ್ಪಾಡು ಬದಲಾಗದಿದ್ದರೆ ಆ ಚೀಟಿಗೆ ಬೆಲೆಯಿಲ್ಲ. ಕಮೋಡ್ ಕುರ್ಚಿಯೂ ಔಷಧದ ಸಾಲಿನಲ್ಲೇ ಬರಬೇಕಾದದ್ದು ಎಂಬುದು ಈ ಚೌಕಟ್ಟಿನ ನೇರ ಫಲ.

ತುಮಕೂರು ಜಿಲ್ಲೆಗೆ ಈ ವಿಚಾರ ಎರಡು ರೂಪದಲ್ಲಿ ಹತ್ತಿರವಾಗಿದೆ. ಮೊದಲನೆಯದು ಚಿಕೂನ್‌ಗುನ್ಯಾ. 1963ರಲ್ಲಿ ಕಲ್ಕತ್ತೆಯಲ್ಲಿ, 1973ರಲ್ಲಿ ಮಹಾರಾಷ್ಟ್ರದ ಬಾರ್ಸಿಯಲ್ಲಿ ಕಾಣಿಸಿ ಮರೆಯಾಗಿದ್ದ ಈ ಸೊಳ್ಳೆರೋಗ 2005-06ರಲ್ಲಿ ಮರಳಿ ಬಂದಾಗ, ದೇಶದಲ್ಲೇ ಅತಿ ಹೆಚ್ಚು ಶಂಕಿತ ಪ್ರಕರಣಗಳು, ಏಳು ಲಕ್ಷಕ್ಕೂ ಮಿಕ್ಕಿ, ದಾಖಲಾದದ್ದು ಕರ್ನಾಟಕದಲ್ಲಿ. ಜ್ವರ ಇಳಿದ ಮೇಲೂ ಕೀಲುನೋವು ತಿಂಗಳುಗಟ್ಟಲೆ ಉಳಿದವರಲ್ಲಿ, ಊತವಿಲ್ಲದ ಬರಿಯ ನೋವೋ, ಊದಿ ಬಿಗಿದು ಕೈ ಮುಷ್ಟಿ ಕಟ್ಟಲಾಗದಂತೆ ಮಾಡಿದ ಸಂಧಿವಾತವೋ ಎಂಬುದರ ಮೇಲೆ ವ್ಯಾಯಾಮವೇ ಸಾಕೋ, ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಔಷಧ ಬೇಕೋ ಎಂಬ ತೀರ್ಮಾನ ನಿಲ್ಲುತ್ತದೆ.

ಎರಡನೆಯದು ಫ್ಲೋರೋಸಿಸ್. ಪಾವಗಡ, ಶಿರಾ, ಮಧುಗಿರಿಯ ಕಡೆಯ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹಲವೆಡೆ ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ಮೀರಿದ್ದು, ವರ್ಷಾನುಗಟ್ಟಲೆ ಅದನ್ನೇ ಕುಡಿದವರ ಎಲುಬು ಮತ್ತು ಅವನ್ನು ಬಂಧಿಸುವ ರಜ್ಜುಗಳು ಗಟ್ಟಿಯಾಗಿ ಬೆನ್ನು, ಕುತ್ತಿಗೆ, ಮಂಡಿ ಬಿಗಿಯುತ್ತವೆ. ಇದನ್ನು ಊರಿನಲ್ಲೇ ಗುರುತಿಸಲು ಬಳಸುವ ಪರೀಕ್ಷೆಗಳು ಮಿತಿಗಳ ಪರೀಕ್ಷೆಗಳೇ: ಮಂಡಿ ಮಡಿಸದೆ ಬಾಗಿ ಕಾಲ್ಬೆರಳು ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಕೈ ಚಾಚಿ ಮಡಿಸಿ ತಲೆಯ ಹಿಂಭಾಗ ಮುಟ್ಟುವುದು. ಇವು ಆಗದವರಿಗೆ ಉರಿಯೂತದ ಔಷಧವನ್ನು ಎಷ್ಟು ಕಾಲ ಕೊಟ್ಟರೂ ಕಟ್ಟಿಕೊಂಡ ಎಲುಬು ಕರಗುವುದಿಲ್ಲ. ಅವರ ಚಿಕಿತ್ಸೆಯ ಮೊದಲ ಸಾಲಿನಲ್ಲಿ ಕುಡಿಯುವ ನೀರಿನ ಮೂಲವನ್ನು ಬದಲಿಸುವುದು ಇರಬೇಕು, ಎರಡನೆಯದರಲ್ಲಿ ಸಾಕಷ್ಟು ಸುಣ್ಣಾಂಶವುಳ್ಳ ಆಹಾರ, ಮೂರನೆಯದರಲ್ಲಿ ಉಳಿದಿರುವ ಚಲನೆಯನ್ನು ಕಾಪಾಡುವ ವ್ಯಾಯಾಮ.